ಬ್ರೈಟ್ ಗ್ರೇಡು, ಲೋ ಗ್ರೇಡು

ಹುಣಸೂರು, ಪಿರಿಯಾಪಟ್ಟಣದ ಸೀಮೆಯವರಾದ ನಾವು ಬಣ್ಣ ನೋಡಿ ಬೆಲೆ ಕಟ್ಟುವ ಜನ. ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಯಲ್ಲಿ ನಿಂಬೆಹಣ್ಣಿನ ಬಣ್ಣದ ಹೊಗೆಸೊಪ್ಪು ಬ್ರೈಟು, ಕಂದು ತಿರುಗಿದ್ದು ಲೋ ಗ್ರೇಡು. ಸೊಪ್ಪಿನ ಮಟ್ಟಿಗೆ ಅದು ಸರಿಯೇ. ಆದರೆ ಆ ಚಾಳಿಯನ್ನು ಮಾರುಕಟ್ಟೆಯ ಗೇಟಿನಲ್ಲೇ ಬಿಟ್ಟು ಬರಲು ನಮಗೆ ಆಗುವುದಿಲ್ಲ. ಮನೆಗೆ ಬಂದು ಮಗಳನ್ನೂ ಗ್ರೇಡ್ ಮಾಡುತ್ತೇವೆ.

ಮೊನ್ನೆ ಕಾಲೇಜಿನ ಮೈದಾನದಲ್ಲಿ ಒಬ್ಬ ಅಪ್ಪ ಪಿ.ಟಿ. ಮೇಡಂ ಹತ್ತಿರ ಗೋಗರೆಯುತ್ತಿದ್ದ. "ನಮ್ ಹುಡ್ಗೀನ ಬ್ಯಾಸ್ಕೆಟ್‌ಬಾಲಿಗೆ ಕರೀಬ್ಯಾಡಿ ಮೇಡಮ್ಮೋರೆ. ಬಿಸ್ಲಲ್ಲಿ ಆಡಿ ಆಡಿ ಕರ್ರಗಾಗೋದ್ಲು. ನಾಳೆ ಯಾವ ಗಂಡು ಒಪ್ತದೆ ಹೇಳಿ?"

ಮೇಡಂ ಸುಮ್ಮನಿದ್ದರು. ಅದೇ ಹುಡುಗಿ ಆಗಸ್ಟ್ ತಿಂಗಳ ಭಾನುವಾರಗಳಲ್ಲಿ ಬೆಳಗಿನಿಂದ ಬೈಗಿನವರೆಗೆ ಅದೇ ಅಪ್ಪನ ಹೊಲದಲ್ಲಿ ಸೊಪ್ಪು ಮುರಿಯುತ್ತಾಳೆ, ಕಡ್ಡಿಗೆ ಕಟ್ಟುತ್ತಾಳೆ. ಹೊಲದ ಬಿಸಿಲೇ ಬೇರೆ, ಮೈದಾನದ ಬಿಸಿಲೇ ಬೇರೆ ಇರಬೇಕು. ಹೊಲದ್ದು ಒಂದಾಳಿನ ಕೂಲಿ ಉಳಿಸುತ್ತದೆ, ಹಾಗಾಗಿ ಮೈ ಕಪ್ಪಾಗುವುದಿಲ್ಲ. ಅಂದಹಾಗೆ ಆ ಮೈದಾನದ ಎರಡು ಕಂಬಗಳಲ್ಲಿ ಒಂದಕ್ಕೆ ಬಲೆ ಇಲ್ಲ, ಇನ್ನೊಂದಕ್ಕೆ ರಿಂಗೇ ಇಲ್ಲ. ದಾನಿಗಳ ಹೆಸರು ಮಾತ್ರ ಎರಡರ ಮೇಲೂ ಗಟ್ಟಿಯಾಗಿದೆ.

ಅಲ್ಲ, ಈ ಬ್ರೈಟ್ ಸೊಪ್ಪು ಹುಟ್ಟಿದ್ದಾದರೂ ಹೇಗೆ? ಸೊಪ್ಪು ಹದ ಮಾಡುವ ನಮ್ಮ ಬ್ಯಾರನ್‌ಗಳಲ್ಲಿ ಬೇಯುವುದು ವರ್ಜೀನಿಯಾ ತಳಿ. ಅದನ್ನು ಬಂಗಾರದ ಬಣ್ಣಕ್ಕೆ ತರುವ ವಿದ್ಯೆ ಸಿಕ್ಕಿದ್ದು 1839ರಲ್ಲಿ, ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ಸ್ಟೀಫನ್ ಎಂಬ ಕಪ್ಪು ಗುಲಾಮನಿಗೆ ಎನ್ನುತ್ತಾರೆ. ಬೆಂಕಿ ಕಾಯುತ್ತಾ ನಿದ್ದೆ ಹೋಗಿದ್ದವನು ಎದ್ದು ಗಾಬರಿಯಲ್ಲಿ ಇದ್ದಿಲು ಒಟ್ಟಿದ, ಸೊಪ್ಪು ಹಳದಿಗೆ ತಿರುಗಿತು. ದುಡ್ಡು ಒಡೆಯನಿಗೆ ಹೋಯಿತು. ಬ್ರೈಟ್ ಗ್ರೇಡನ್ನು ಲೋಕಕ್ಕೆ ಕೊಟ್ಟವನೇ ಆಗಿನ ಲೆಕ್ಕದಲ್ಲಿ ಲೋ ಗ್ರೇಡಿನ ಮನುಷ್ಯ.

ಪಕ್ಕದ ಸೌತ್ ಕ್ಯಾರೊಲಿನಾ ಕೂಡ ಹೊಗೆಸೊಪ್ಪಿನ ಸೀಮೆಯೇ. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧಕ್ಕಿಳಿದವರ ಬಾವುಟ ಅಲ್ಲಿನ ಶಾಸನಸಭೆಯ ಅಂಗಳದಲ್ಲಿ 2015ರವರೆಗೂ ಹಾರಾಡುತ್ತಿತ್ತು. ಆ ಶಾಸನಸಭೆ ಇರುವ ಊರಿನ ವಿಶ್ವವಿದ್ಯಾಲಯಕ್ಕೆ 2008ರಲ್ಲಿ ಡಾನ್ ಸ್ಟೇಲಿ ಎಂಬ ಕಪ್ಪು ಹೆಂಗಸು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿ ಬಂದರು. ಮೊದಲ ವರ್ಷ 10 ಗೆಲುವು, 18 ಸೋಲು. ನಮ್ಮಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು ಕಳಿಸಿರುತ್ತಿದ್ದೆವು. ಅಲ್ಲಿ ಉಳಿಸಿಕೊಂಡರು. 2017, 2022, 2024ರಲ್ಲಿ ಈಕೆಯ ತಂಡ ರಾಷ್ಟ್ರೀಯ ಚಾಂಪಿಯನ್. ಕೊನೆಯ ಸಲವಂತೂ ಆಡಿದ್ದು 38, ಗೆದ್ದದ್ದು 38.

ಈಕೆ ಗೆದ್ದು ಸುಮ್ಮನಾಗಲಿಲ್ಲ. ಗಂಡಸರ ತಂಡದ ಕೋಚ್‌ಗೆ ಕೊಡುವಷ್ಟು ನನಗೇಕಿಲ್ಲ ಎಂದು ಬಾಯಿಬಿಟ್ಟು ಕೇಳಿದರು. 2025ರ ಒಪ್ಪಂದದಲ್ಲಿ ವರ್ಷಕ್ಕೆ 40 ಲಕ್ಷ ಡಾಲರ್, ಅಂದರೆ 30 ಕೋಟಿ ರೂಪಾಯಿಗೂ ಮೇಲೆ. ಅದೇ ವರ್ಷ ಊರಿನಲ್ಲಿ ಪ್ರತಿಮೆಯೂ ಎದ್ದಿತು, ಬದುಕಿರುವಾಗಲೇ.

ಕೇಳುವ ಹೆಣ್ಣುಮಗಳು ನಮ್ಮ ಜಿಲ್ಲೆಯಲ್ಲೂ ಇದ್ದಾಳೆ. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನ ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಮಣಿಸಿದ ಭಾರತ ತಂಡದವಳು. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ನೌಕರಿ ಘೋಷಿಸಿತು. ನಮ್ಮ ಸರ್ಕಾರ 5 ಲಕ್ಷ ಎಂದಿತು, ಅದೂ ಅಂದಿನ ಮುಖ್ಯಮಂತ್ರಿಗಳ ತವರು ಜಿಲ್ಲೆಯ ಹುಡುಗಿಗೆ. ಚೈತ್ರಾ ಮತ್ತು ಪುರುಷರ ತಂಡದ ಎಂ.ಕೆ. ಗೌತಮ್ ಇಬ್ಬರೂ ಬೇಡ ಎಂದರು.

ಆಗ ನಮ್ಮ ಅರಳಿಕಟ್ಟೆಯಲ್ಲಿ ಬಂದ ತೀರ್ಪು: "ಹೆಣ್ಣೈಕ್ಳಿಗೆ ಇಷ್ಟು ಕೊಬ್ಬು ಇರಬಾರ್ದು." ಹೇಳಿದವನು ಹಿಂದಿನ ಸೀಸನ್‌ನಲ್ಲಿ ಕಿಲೋಗೆ ರೇಟು ಸಾಲದೆಂದು ಹರಾಜು ನಿಲ್ಲಿಸಿ ರಸ್ತೆಯಲ್ಲಿ ಕೂತಿದ್ದವನು. ಅದು ರೈತ ಹೋರಾಟ. ನಾನೂ ಅವನ ಪಕ್ಕದಲ್ಲೇ ಕೂತಿದ್ದೆ, ಮಜ್ಜಿಗೆ ಕುಡಿಯುತ್ತಾ. ಸೊಪ್ಪಿಗೆ ರೇಟು ಕೇಳಿದರೆ ಸ್ವಾಭಿಮಾನ, ಬೆವರಿಗೆ ರೇಟು ಕೇಳಿದರೆ ಕೊಬ್ಬು.

ದಸರಾ ಕ್ರೀಡಾಕೂಟ ಬರುತ್ತದೆ. ಕೆ.ಆರ್. ನಗರದಿಂದ ಎಚ್.ಡಿ. ಕೋಟೆಯವರೆಗೆ ಯಾವ ತಾಲ್ಲೂಕಿಗೆ ಹೋದರೂ ವೇದಿಕೆಯ ಮೇಲೆ ಬಿಳಿ ಪಂಚೆಗಳ ಸಾಲು, ಕೆಳಗೆ ಬಿಸಿಲಲ್ಲಿ ಹುಡುಗಿಯರ ಸಾಲು ಕಾಣುತ್ತದೆ. ವಿಶಲ್ ಹಿಡಿದ ಮೇಡಂಗೆ ಎಲ್ಲಾದರೂ ಒಂದು ಕುರ್ಚಿ ಹಾಕಿದ್ದರೆ ನನಗೂ ತಿಳಿಸಿ, ನೋಡಿಕೊಂಡು ಬರುತ್ತೇನೆ.

ಅಲ್ಲಿಯವರೆಗೆ ಆ ಅಪ್ಪನಲ್ಲಿ ಒಂದು ಮನವಿ. ಈ ಭಾನುವಾರ ಮಗಳನ್ನು ಮೈದಾನಕ್ಕೆ ಕಳಿಸು ಮಾರಾಯ. ಸೊಪ್ಪು ಕಟ್ಟಲು ನೀನು ಕೂತುಕೋ, ಜೊತೆಗೆ ನಾನೂ ಬರುತ್ತೇನೆ. ನಾವಿಬ್ಬರೂ ಆಗಲೇ ಲೋ ಗ್ರೇಡು, ಇನ್ನು ಕಪ್ಪಾಗಲು ಏನೂ ಉಳಿದಿಲ್ಲ.