ದೃಢೀಕರಿಸಿದ ಪ್ರತಿ ಎಲ್ಲಿ?

ವೈರಾಣು ಸೋಂಕನ್ನು ಹತ್ತಿಕ್ಕಲೆಂದೇ ಸಂಬಳ ಪಡೆಯುವ, ರೋಗನಿರೋಧಕ ವ್ಯವಸ್ಥೆಯ ಟಿ ಕೋಶ, ವೈರಾಣು ಖುದ್ದಾಗಿ ಎದುರು ಬಂದು ನಿಂತರೂ ತಲೆಯೆತ್ತಿ ನೋಡುವುದಿಲ್ಲ. ಅದಕ್ಕೆ ಬೇಕಾದದ್ದು ದಾಖಲೆ. ಸೋಂಕು ತಗುಲಿದ ನಮ್ಮದೇ ಕೋಶ ವೈರಾಣುವಿನ ಪ್ರೋಟೀನನ್ನು ಕತ್ತರಿಸಿ, 8ರಿಂದ 10 ಅಮೈನೊ ಆಮ್ಲಗಳ ಚೂರೊಂದನ್ನು ಎಂಎಚ್‌ಸಿ ಎಂಬ ಅಣುವಿನ ಸಂದಿಯಲ್ಲಿ ಸಿಕ್ಕಿಸಿ ಹೊರಮೈಗೆ ತಂದು ತೋರಿಸಬೇಕು. ಚೂರು ಪರರದು, ಮೊಹರು ಮನೆಯದು. ಟಿ ಕೋಶದ ಗ್ರಾಹಿಗೆ ಎರಡೂ ತಾಳೆಯಾದರಷ್ಟೇ ಕಡತ ಮುಂದಕ್ಕೆ.

ಈ ಖಡಕ್ ನಿಯಮವನ್ನು ವಿಜ್ಞಾನಿಗಳಾದ ಡೊಹರ್ಟಿ ಮತ್ತು ಜಿಂಕರ್‌ನಾಗೆಲ್ 1974ರಲ್ಲಿ ಕ್ಯಾನ್‌ಬೆರಾದಲ್ಲಿ, ಇಲಿಗಳ ಮೇಲಿನ ಪ್ರಯೋಗದಿಂದ ಕಂಡುಕೊಂಡರು. ವೈರಾಣು ಒಂದೇ ಆದರೂ ಬೇರೆ ತಳಿಯ ಇಲಿಯ ಮೊಹರಿದ್ದರೆ ಅರ್ಜಿ ವಜಾ! ಅವರ ಸ್ವಂತ ಕಡತ ನೊಬೆಲ್ ಸಮಿತಿಯಲ್ಲಿ ವಿಲೇವಾರಿಯಾದದ್ದು 1996ರಲ್ಲಿ. ಕಚೇರಿಗಳೆಲ್ಲ ಒಂದೇ ಗೋತ್ರ.

ಟಿ ಕೋಶಗಳ ನೇಮಕಾತಿಯ ವಿಷಯದಲ್ಲಿ ಮಾತ್ರ ಗೋತ್ರ ಬೇರೆ. ಜೀನ್ ತುಣುಕುಗಳನ್ನು ಮನಬಂದಂತೆ ಕಲೆಸಿ ಜೋಡಿಸಿದ ಗ್ರಾಹಿಗಳನ್ನು ಹೊತ್ತು ಅಭ್ಯರ್ಥಿಗಳು ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ಪರೀಕ್ಷೆಗೆ ಕೂರುತ್ತಾರೆ. ಮನೆಯ ಮೊಹರನ್ನೇ ಗುರುತಿಸದವರು ಫೇಲು. ಮನೆಯವರ ಮೇಲೆಯೇ ಏರಿಹೋಗುವವರೂ ಫೇಲು. ಉಳಿಯುವವರು ನೂರಕ್ಕೆ ಐದೂ ಇಲ್ಲ. ಮಿಕ್ಕವರಿಗೆ ಮರಣವೇ ಫಲಿತಾಂಶ. ಬ್ಲೂಟೂತ್ ಇಲ್ಲ, ಒಎಂಆರ್ ಹಾಳೆ ತಿದ್ದುವವರಿಲ್ಲ, ಸಚಿವರ ಶಿಫಾರಸು ಪತ್ರವಿಲ್ಲ. ಇಷ್ಟು ಪ್ರಾಮಾಣಿಕ ನೇಮಕಾತಿ ನಮ್ಮ ನಾಡಿನಲ್ಲಿ ನಡೆಯುತ್ತಿದೆ, ಅದೂ ನಮ್ಮೊಳಗೇ, ಎಂದರೆ ಯಾರು ನಂಬುತ್ತಾರೆ?

ಇಂಥ ಕಚೇರಿಗೂ ದಲ್ಲಾಳಿಗಳು ಹುಟ್ಟಿಕೊಂಡಿದ್ದಾರೆ. 2020ರ ಕೊರೊನಾ ಕಾಲದಿಂದ ಪುಡಿ, ಕಷಾಯ, ಚಹಾ ಎಲ್ಲವೂ ‘ಇಮ್ಯೂನಿಟಿ ಬೂಸ್ಟರ್’. ದಿನಕ್ಕೆರಡು ಚಮಚ ಹಾಕಿದರೆ ಸಾಕಂತೆ, ಒಳಗಿನ ಸಿಬ್ಬಂದಿಯೆಲ್ಲ ಚುರುಕು. ಯಾವ ಸಿಬ್ಬಂದಿ ಸ್ವಾಮಿ? ಫ್ಲೂ ವೈರಾಣುವಿನ ಚೂರನ್ನು ಹಿಡಿಯುವ ಗುಮಾಸ್ತನಿಗೆ ಕ್ಷಯದ ಕಡತ ಸಾಮಾನ್ಯವಾಗಿ ಅರ್ಥವೇ ಆಗದು. ಎಲ್ಲರನ್ನೂ ಒಟ್ಟಿಗೆ ಹುರಿದುಂಬಿಸಿದರೆ, ಪರೀಕ್ಷೆಯಲ್ಲಿ ಹೇಗೋ ನುಸುಳಿ ಬಂದ ಮನೆಮುರುಕರೂ ಎದ್ದು ಕೂರುತ್ತಾರೆ. ಅಂಥವರು ಮೇದೋಜೀರಕದ ಇನ್ಸುಲಿನ್ ಕೋಶಗಳನ್ನು ಮುಗಿಸಿದಾಗಲೇ ಟೈಪ್ 1 ಮಧುಮೇಹ ಬರುವುದು. ಪುಣ್ಯಕ್ಕೆ, ಈ ಪುಡಿಗಳಿಗೆ ಅಷ್ಟು ಸಾಮರ್ಥ್ಯವಿಲ್ಲ.

ಹಸಿದವನಿಗೆ ಹೊಟ್ಟೆತುಂಬ ಊಟ ಹಾಕಿದರೆ ರೋಗನಿರೋಧಕ ಶಕ್ತಿ ಹೆಚ್ಚುವುದು ನಿಜ. ಆದರೆ ಬೂಸ್ಟರ್ ಡಬ್ಬಿ ಕೊಳ್ಳುವವನು ಹಸಿದವನಲ್ಲ. ಲಸಿಕೆಯೂ ನಿಜ: ಅದು ರೋಗಾಣುವಿನ ಗುರುತನ್ನು ಮೊದಲೇ ತೋರಿಸಿ, ಅದನ್ನು ಬಲ್ಲ ಕೆಲವೇ ಕೋಶಗಳನ್ನು ಹುಡುಕಿ ಅವುಗಳ ಸಂಖ್ಯೆ ಬೆಳೆಸುತ್ತದೆ. ಅದಕ್ಕೆ ಮಾತ್ರ ನಮ್ಮವರು ನೂರು ಪ್ರಶ್ನೆ ಕೇಳುತ್ತಾರೆ. ಡಬ್ಬಿಗೆ ಒಂದೂ ಇಲ್ಲ.

ಕೇಳಬೇಕಾಗಿಯೂ ಇಲ್ಲ. ಹೆಲ್ತ್ ಸಪ್ಲಿಮೆಂಟ್ ಎಂದು ಮಾರುವ ಡಬ್ಬಿಯ ಮೇಲೆ ಕಾನೂನಿನ ಒತ್ತಾಯಕ್ಕೆ ಉತ್ತರವನ್ನೂ ಅಚ್ಚು ಹಾಕಿರುತ್ತಾರೆ: ‘ಔಷಧವಾಗಿ ಬಳಸಲು ಅಲ್ಲ.’ ಇಡೀ ಡಬ್ಬಿಯಲ್ಲಿ ಕಲಬೆರಕೆಯಿಲ್ಲದ ಮಾತು ಅದೊಂದೇ.