ಗ್ಲೂಕೋಸ್ ಮೀಮಾಂಸೆ: ಆಕರ, ಪಾಕ, ವಿನಿಯೋಗ ಮತ್ತು ಬಾಟಲಿ

ಗ್ಲೂಕೋಸ್ ಎಂಬ ಸರಳ ಸಕ್ಕರೆಯ ಬಗ್ಗೆ ರಸಾಯನಶಾಸ್ತ್ರಜ್ಞರು ಬರೆಯುವುದನ್ನೆಲ್ಲ ಬರೆದು ಮುಗಿಸಿದ್ದಾರೆ. ಅದರ ಅಣುರಚನೆಯ ಗಂಟು ಬಿಡಿಸಿದ ಎಮಿಲ್ ಫಿಷರ್ ಅವರಿಗೆ 1902ರಲ್ಲಿ ನೊಬೆಲ್ಲೂ ಬಂತು. ಆದರೆ ಅದನ್ನು ಕಬ್ಬಿಣದ ಸ್ಟ್ಯಾಂಡಿಗೆ ತಲೆಕೆಳಗಾಗಿ ನೇತುಹಾಕಿದ ಕೂಡಲೇ ಪ್ರಾಪ್ತವಾಗುವ ಮಹಿಮೆಯ ವಿಚಾರದಲ್ಲಿ ಶಾಸ್ತ್ರಗ್ರಂಥಗಳು ಮೌನ. ಆ ಲೋಪವನ್ನು ಸರಿಪಡಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಆಕರ. ಗ್ಲೂಕೋಸ್ ತಯಾರಿಕೆಯ ಗುತ್ತಿಗೆ ಅನಾದಿಯಿಂದಲೂ ಹಸಿರೆಲೆಗಳದ್ದು. ಬಿಸಿಲು, ನೀರು, ಗಾಳಿ ಮೂರೂ ಬಿಟ್ಟಿ; ಟೆಂಡರ್ ಕರೆದ ದಾಖಲೆ ಸಿಕ್ಕಿಲ್ಲ. ಜರ್ಮನಿಯ ಮಾರ್ಗ್‌ಗ್ರಾಫ್ 1747ರಲ್ಲಿ ಒಣದ್ರಾಕ್ಷಿಯಿಂದ ಇದನ್ನು ಬೇರ್ಪಡಿಸಿದ. ವಿಜಯಪುರದ ಬೆಳೆಗಾರರಿಗೆ ಇದೇನೂ ದೊಡ್ಡ ಸುದ್ದಿಯಲ್ಲ. ಒಣದ್ರಾಕ್ಷಿ ಬೆರಳಿಗೇಕೆ ಅಂಟುತ್ತದೆಂದು ಅವರು ಬಲ್ಲರು. ಜೇನುತುಪ್ಪದ ಬಾಟಲಿಯ ತಳದಲ್ಲಿ ಹರಳುಗಟ್ಟುವುದೂ ಇದೇ ಮಹಾಶಯ. ಹರಳು ಕಂಡ ಗೃಹಸ್ಥರು “ಕೊಡಗಿನ ತುಪ್ಪ ಅಂದ, ಸಕ್ಕರೆ ಬೆರೆಸಿದ್ದಾನೆ ನೋಡೇ” ಎಂದು ಮಾರಿದವನ ವಂಶವನ್ನೆಲ್ಲ ಸ್ಮರಿಸುವುದು ವಾಡಿಕೆ. ಬೆರೆಸಿದ್ದು ಹೂವೂ ಜೇನುಹುಳವೂ ಇರಬಹುದೆಂದು ಸೂಚಿಸಿದ ಪ್ರಬಂಧಕಾರನಿಗೂ ಆ ಸ್ಮರಣೆಯಲ್ಲಿ ಪಾಲು ದೊರೆಯುತ್ತದೆ.

ಇನ್ನು ಪಾಕ. ನೆಪೋಲಿಯನ್ನನ ಯುದ್ಧಗಳಿಂದ ಯುರೋಪಿಗೆ ಕಬ್ಬಿನ ಸಕ್ಕರೆ ಬರುವುದು ದುಸ್ತರವಾಗಿದ್ದ ಕಾಲ. 1811ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಕಿರ್ಖೋಫ್ ಪಿಷ್ಟದ ಗಂಜಿಗೆ ಒಂದಿಷ್ಟು ಗಂಧಕಾಮ್ಲ ಹಾಕಿ ಕುದಿಸಿದ, ಗಂಜಿ ಸಿಹಿಯಾಯಿತು. ಈಗ ಆಮ್ಲದ ಜಾಗಕ್ಕೆ ಕಿಣ್ವಗಳು ಬಂದಿವೆ. ದಾವಣಗೆರೆ, ಹಾವೇರಿ ಸೀಮೆಯಲ್ಲಿ ಬೆಳೆಯುವಂಥ ಮೆಕ್ಕೆಜೋಳವನ್ನು ನೆನೆಸಿ, ಅರೆದು, ಪಿಷ್ಟ ತೆಗೆದರೆ ಒಂದು ಕಿಣ್ವ ಅದರ ಸರಪಣಿಯನ್ನು ತುಂಡು ಮಾಡುತ್ತದೆ, ಇನ್ನೊಂದು ಆ ತುಂಡುಗಳನ್ನು ಬಿಡಿ ಗ್ಲೂಕೋಸಾಗಿ ಉದುರಿಸುತ್ತದೆ. ಮದುವೆಮನೆಯ ಅಡುಗೆ ಭಟ್ಟರದು ಬೇರೆ ದಾರಿ. ಜಹಾಂಗೀರಿನ ಪಾಕಕ್ಕೆ ಅವರು ನಿಂಬೆಹಣ್ಣು ಹಿಂಡಿದಾಗ ಸಕ್ಕರೆಯ ಒಂದು ಪಾಲು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ, ಪಾಕ ಹರಳುಗಟ್ಟುವುದಿಲ್ಲ. ಭಟ್ಟರು ಈ ಸಂಶೋಧನೆಯನ್ನು ಎಲ್ಲೂ ಪ್ರಕಟಿಸದ ಕಾರಣ ವಿದ್ವತ್ ವಲಯ ಅದನ್ನು ಗಣನೆಗೆ ತೆಗೆದುಕೊಂಡಿಲ್ಲ.

ವಿನಿಯೋಗವೇ ಮುಖ್ಯ ಪ್ರಕರಣ. ನಮ್ಮ ಸಿದ್ಧಾಂತ ಹೀಗಿದೆ: ಗ್ಲೂಕೋಸಿನ ಯೋಗ್ಯತೆ ಅದರ ಗುಣದಿಂದಲ್ಲ, ಅದು ದೇಹವನ್ನು ಹೊಗುವ ಬಾಗಿಲಿನಿಂದ ನಿಶ್ಚಯವಾಗುತ್ತದೆ. ಬಾಯಿಂದ ಹೋದರೆ ಬಿಸ್ಕತ್ತು. ರಕ್ತಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಕಾಯಿಲೆ. ಸೂಜಿಯಿಂದ ಹೋದರೆ ಶಕ್ತಿ!

ಇದಕ್ಕೆ ಪ್ರತ್ಯಕ್ಷ ಪ್ರಮಾಣ ಯಾವ ಊರಿನ ಕ್ಲಿನಿಕ್ಕಿನಲ್ಲಾದರೂ ಲಭ್ಯ. “ಡಾಕ್ಟ್ರೇ, ತುಂಬಾ ಸುಸ್ತು. ಒಂದ್ ಬಾಟ್ಲಿ ಏರಿಸ್ಬಿಡಿ.” “ಏನೂ ಬೇಡಮ್ಮ, ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿ.” ಇಂಥ ಉತ್ತರ ಕೊಟ್ಟ ವೈದ್ಯರ ಕೈಗುಣದ ಬಗ್ಗೆ ಸಂಜೆಯೊಳಗೆ ಊರಲ್ಲಿ ಸಂಶಯ ಹುಟ್ಟುತ್ತದೆ. ಲೆಕ್ಕವೇನೋ ವೈದ್ಯರ ಕಡೆಗಿದೆ. ಶೇ. 5ರ ದ್ರಾವಣದ ಅರ್ಧ ಲೀಟರಿನಲ್ಲಿರುವುದು 25 ಗ್ರಾಂ ಗ್ಲೂಕೋಸ್. ಹೆಚ್ಚೆಂದರೆ ನೂರು ಕ್ಯಾಲೊರಿ. ಎರಡು ಇಡ್ಲಿ, ಅದೂ ಚಟ್ನಿ ಬಿಟ್ಟು. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಖರ್ಚು ಮಾಡುತ್ತದೆ, ಏನೂ ಯೋಚಿಸದವರಲ್ಲೂ. ಬಾಯಿಗೆ ಏನೂ ಸೇರದವರಿಗೆ, ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದವರಿಗೆ ಬಾಟಲಿ ಜೀವದಾನವೇ ಸರಿ. ಅವರು ನಮ್ಮ ಚರ್ಚೆಗೆ ಹೊರಗು. ಚರ್ಚೆಯೇನಿದ್ದರೂ ನಡೆದುಕೊಂಡು ಬಂದು, ಮಲಗಿ ಹಾಕಿಸಿಕೊಂಡು, ನಡೆದುಕೊಂಡೇ ಹೋಗುವವರದು.

ಬಾಟಲಿಗಳ ಸಂಖ್ಯೆಯಿಂದ ರೋಗದ ಘನತೆಯನ್ನು ಅಳೆಯುವ ಪದ್ಧತಿಯೂ ಉಂಟು. “ಎಷ್ಟು ಹೋಯ್ತಂತೆ?” “ಎರಡು.” “ಅಷ್ಟೇನಾ? ನಮ್ಮ ಭಾವನಿಗೆ ನಾಲ್ಕು ಹಾಕಿದ್ರು.” ನೋಡಲು ಬಂದವರಲ್ಲಿ ಒಬ್ಬರು ‘ಷುಗರ್’ ಇದೆಯೆಂದು ವರ್ಷಗಳಿಂದ ಕಾಫಿಗೆ ಸಕ್ಕರೆ ಮುಟ್ಟಿಸದವರು. ಮೈಯ ರಕ್ತವನ್ನೆಲ್ಲ ಸೇರಿಸಿದರೂ ಆರೋಗ್ಯವಂತನಲ್ಲಿ ಒಂದು ಟೀ ಚಮಚದಷ್ಟೇ ಗ್ಲೂಕೋಸ್ ಇರುವುದೆಂದು ಅವರಿಗೆ ತಿಳಿಸಲಾಯಿತು. ಅವರು ಬಾಟಲಿಯ ಕಡೆ ಭಕ್ತಿಯಿಂದ ನೋಡಿ ಹೇಳಿದರು: “ಅದು ಬೇರೆ ಬಿಡಿ, ಅದು ಔಷಧಿ.”

ಈ ಸಿದ್ಧಾಂತಕ್ಕೆ ಬಲವಾದ ಸಾಕ್ಷ್ಯ ಒದಗುವುದು ವಿರುದ್ಧ ದಿಕ್ಕಿನಿಂದ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರಗಳಿಗೆ ನುಗ್ಗಿ ಬಂದಾಗ ಕಾಲರಾ ಹಬ್ಬಿತು, ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದವು. ಡಾ. ದಿಲೀಪ್ ಮಹಲನೊಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾಗಳನ್ನು ಡ್ರಮ್ಮಿನ ನೀರಿಗೆ ಕದಡಿ, ರೋಗಿಗಳ ನೆಂಟರ ಕೈಗೆ ಲೋಟ ಕೊಟ್ಟು ಕುಡಿಸಿ ಎಂದರು. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಗ್ಲೂಕೋಸ್ ಕರುಳಿನ ಗೋಡೆ ದಾಟುವಾಗ ಸೋಡಿಯಮ್ಮಿನ ಕೈಹಿಡಿದು ದಾಟುತ್ತದೆ, ನೀರು ಅವೆರಡರ ಬೆನ್ನುಹತ್ತುತ್ತದೆ, ಗುಟ್ಟು ಇಷ್ಟೇ. ಇದು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆಯೇ ಆಗಬಹುದೆಂದು ಲ್ಯಾನ್ಸೆಟ್ ಪತ್ರಿಕೆ 1978ರಲ್ಲಿ ಬರೆಯಿತು. ಇಷ್ಟಾಗಿಯೂ ಅದೇ ಗುಟ್ಟನ್ನು ಕಟ್ಟಿಟ್ಟ ಓಆರ್‌ಎಸ್ ಪೊಟ್ಟಣ ಕೈಗಿಟ್ಟರೆ ರೋಗಿಯ ಕಡೆಯವರು ಕೇಳುವುದು, “ಬರೀ ಇದೇನಾ?”

ಆದಕಾರಣ ನಮ್ಮ ಶಿಫಾರಸು: ಓಆರ್‌ಎಸ್ಸನ್ನು ಇನ್ನು ಮುಂದೆ ಪಾರದರ್ಶಕ ಬಾಟಲಿಗೆ ತುಂಬಿ ಸ್ಟ್ಯಾಂಡಿಗೆ ನೇತುಹಾಕತಕ್ಕದ್ದು. ಕೊಳವೆಯ ತುದಿ ರೋಗಿಯ ಬಾಯಲ್ಲಿರಲಿ. ನರ್ಸಮ್ಮ ಆಗಾಗ ಬಂದು ಕೊಳವೆಯನ್ನು ಬೆರಳಿಂದ ಎರಡು ಸಲ ತಟ್ಟಿ, ಏನೂ ಮಾತಾಡದೆ ಹೋಗಬೇಕು. ದರ ಮಾತ್ರ ಡ್ರಿಪ್ಪಿಗಿಂತ ಐವತ್ತು ರೂಪಾಯಿ ಹೆಚ್ಚಿರತಕ್ಕದ್ದು.