ಒಂದು ಇಂಚಿನ ಬೇಟೆಗಾರ

ಅಮೆರಿಕದಲ್ಲಿ ಬೇಟೆಯ ರೈಫಲ್ ಇಟ್ಟುಕೊಂಡವರನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಜಿಂಕೆ ಹೊಡೆಯುವುದಕ್ಕಾಗಿ ರೈಫಲ್ ಕೊಂಡವರದು ಒಂದು ವರ್ಗ; ರೈಫಲ್ ಕೊಂಡದ್ದಕ್ಕೆ ಸಮರ್ಥನೆಯಾಗಿ ಜಿಂಕೆಯ ಹೆಸರು ಹೇಳುವವರದು ಇನ್ನೊಂದು. ಮೊದಲನೆಯವರು ನವೆಂಬರಿನಲ್ಲಿ ಬಂದೂಕನ್ನು ಹೊರತೆಗೆದು, ಡಿಸೆಂಬರಿನಲ್ಲಿ ಒರೆಸಿಟ್ಟು, ಉಳಿದ ಕಾಲವೆಲ್ಲ ಅದನ್ನು ಮರೆತಿರುವುದರಿಂದ ಅವರ ವಿಷಯದಲ್ಲಿ ಹೇಳಬೇಕಾದದ್ದು ಹೆಚ್ಚೇನೂ ಇಲ್ಲ. ಅಧ್ಯಯನಕ್ಕೆ ಯೋಗ್ಯನಾದವನು ಎರಡನೆಯವನು. ಅಲ್ಲಿನ ಶಿಕಾರಿ ವಲಯಗಳಲ್ಲಿ ‘ರೈಫಲ್ ಲೂನಿ’, ಅಂದರೆ ರೈಫಲ್ ಹುಚ್ಚ, ಎನಿಸಿಕೊಳ್ಳುವ ಈತನು ಆ ಹೆಸರನ್ನು ಬೈಗುಳವೆಂದು ತಿಳಿಯದೆ, ವರ್ಷಗಳ ಪರಿಶ್ರಮದಿಂದ ಸಂಪಾದಿಸಿದ ಪದವಿಯೆಂದೇ ಸ್ವೀಕರಿಸಿರುತ್ತಾನೆ.

ಈತನ ಆರಾಧ್ಯವಸ್ತುವಾದ ಬೋಲ್ಟ್ ಆ್ಯಕ್ಷನ್ ರೈಫಲಿನ ರಚನೆ ಸರಳವಾದುದು. ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ದುಂಡು ಸರಳಿಗೆ ಬೋಲ್ಟ್ ಎಂದು ಹೆಸರು. ಅದರ ಹಿಡಿಯನ್ನು ಮೇಲಕ್ಕೆತ್ತಿ ಹಿಂದಕ್ಕೆಳೆದರೆ ಸಿಡಿದ ತೋಟಾದ ಖಾಲಿ ಚಿಪ್ಪು ಹೊರಗೆ ಬೀಳುತ್ತದೆ. ಮುಂದಕ್ಕೆ ದೂಡಿ ಕೆಳಕ್ಕೆ ಮಡಚಿದರೆ ಹೊಸ ತೋಟಾ ನಳಿಗೆಯೊಳಗೆ ಕೂತು, ಬೋಲ್ಟಿನ ತುದಿಯ ಉಬ್ಬುಗಳು ತಮಗೆಂದೇ ಕೊರೆದ ತೋಡುಗಳಲ್ಲಿ ಭದ್ರವಾಗಿ ಸಿಕ್ಕಿಕೊಳ್ಳುತ್ತವೆ. ಜರ್ಮನಿಯ ಪೌಲ್ ಮೌಸರ್ 1898ರ ಸೇನಾ ರೈಫಲಿನಲ್ಲಿ ಈ ಏರ್ಪಾಟನ್ನು ಎಷ್ಟು ಪಕ್ವಗೊಳಿಸಿದನೆಂದರೆ, 1903ರ ಸ್ಪ್ರಿಂಗ್‌ಫೀಲ್ಡ್ ರೈಫಲಿನಲ್ಲಿ ಅದನ್ನು ಅನುಸರಿಸಿದ ಅಮೆರಿಕ ಸರ್ಕಾರವು ಮೌಸರ್ ಕಂಪನಿಗೆ ರಾಯಧನ ತೆರಬೇಕಾಯಿತು. 1936ರ ವಿಂಚೆಸ್ಟರ್ ಮಾಡೆಲ್ 70, 1962ರ ರೆಮಿಂಗ್ಟನ್ 700, ಫಿನ್ಲೆಂಡಿನಿಂದ 2003ರಲ್ಲಿ ಹೊರಟ ಟಿಕ್ಕಾ ಟಿ3 ಮೊದಲಾದುವೆಲ್ಲ ತಮ್ಮ ತಮ್ಮ ಮಾರ್ಪಾಟುಗಳೊಡನೆ ಅದೇ ತತ್ತ್ವದ ಸಂತಾನವೇ. ಹೀಗೆ ಮೂಲಭೂತ ಪ್ರಶ್ನೆಗಳೆಲ್ಲ ಮುತ್ತಜ್ಜನ ಕಾಲದಲ್ಲಿಯೇ ಬಗೆಹರಿದುಹೋಗಿರುವ ಯಂತ್ರವೊಂದರ ಮಾಲೀಕನಿಗೆ ಚಿಂತಿಸಲು ಉಳಿದಿರುವುದು ಅತಿ ಸಣ್ಣ ಪ್ರಶ್ನೆಗಳು ಮಾತ್ರ. ಆದರೆ ಅತಿ ಸಣ್ಣ ಪ್ರಶ್ನೆಗಳಿಗೆ ಇರುವ ಸೌಲಭ್ಯವೇನೆಂದರೆ, ಅವು ಎಂದಿಗೂ ಮುಗಿಯುವುದಿಲ್ಲ.

ಅಂಥ ಪ್ರಶ್ನೆಗಳಲ್ಲಿ ಅಗ್ರಸ್ಥಾನ ಒಂದು ಇಂಚಿಗೆ ಸಲ್ಲುತ್ತದೆ. ಒಂದು ಡಿಗ್ರಿಯ 60ನೆಯ ಒಂದು ಭಾಗಕ್ಕೆ ‘ಮಿನಿಟ್ ಆಫ್ ಆ್ಯಂಗಲ್’, ಸಂಕ್ಷೇಪವಾಗಿ ಎಂಒಎ, ಎಂದು ಹೆಸರು. 100 ಗಜ ದೂರದಲ್ಲಿ ಈ ಕೋನವು 1.047 ಇಂಚಿನಷ್ಟು ಅಗಲವನ್ನು ಆವರಿಸುವುದರಿಂದ ಬಳಕೆಯಲ್ಲಿ ಅದನ್ನು ಒಂದು ಇಂಚೆಂದೇ ಎಣಿಸುತ್ತಾರೆ. ಒಂದೇ ಬಿಂದುವಿಗೆ ಗುರಿಯಿಟ್ಟು ಹಾರಿಸಿದ ಗುಂಡುಗಳು ಕಾಗದದ ಮೇಲೆ ಮಾಡುವ ತೂತುಗಳ ಸಮೂಹವೇ ‘ಗುಂಪು’; ಅವುಗಳಲ್ಲಿ ಪರಸ್ಪರ ಅತಿ ದೂರದಲ್ಲಿರುವ ಎರಡು ತೂತುಗಳ ಕೇಂದ್ರಗಳ ನಡುವಿನ ಅಂತರವೇ ಆ ಗುಂಪಿನ ಅಳತೆ. ಗುಂಪು ಇಂಚಿನೊಳಗೆ ಬಂದರೆ ರೈಫಲ್ ಕುಲೀನ, ಇಂಚು ಮೀರಿದರೆ ಅದರ ಕುಲಗೋತ್ರಗಳೇ ಅನುಮಾನಾಸ್ಪದ. ಇಂಚಿನೊಳಗಿನ ಗುಂಪು ಬಿದ್ದ ಕಾಗದವನ್ನು ರೈಫಲ್ ಹುಚ್ಚನು ಚೌಕಾಕಾರವಾಗಿ ಕತ್ತರಿಸಿ, ಮದುವೆಗೆ ಬಂದ ಮಗಳ ಜಾತಕದಂತೆ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾನೆ ಮತ್ತು ಕೇಳಿದವರಿಗೂ ಕೇಳದವರಿಗೂ ಬಿಡಿಸಿ ತೋರಿಸುತ್ತಾನೆ. ಬಿಳಿಬಾಲದ ಜಿಂಕೆಯ ಹೃದಯ, ಶ್ವಾಸಕೋಶಗಳಿರುವ ಭಾಗವು ಸುಮಾರು 8 ಇಂಚು ಅಗಲವಾಗಿರುವುದನ್ನೂ, ಆದ್ದರಿಂದ 3 ಇಂಚಿನ ಗುಂಪು ಮಾಡುವ ರೈಫಲಿನಿಂದಲೂ 100 ಗಜದಲ್ಲಿರುವ ಜಿಂಕೆಗೆ ಬಿಡುಗಡೆ ಇಲ್ಲವೆಂಬುದನ್ನೂ ಆತನು ಬಲ್ಲ. ಬಲ್ಲನಾದರೂ, ಶಾಸ್ತ್ರಚರ್ಚೆಯ ನಡುವೆ ಜಿಂಕೆಯನ್ನು ಎಳೆದುತರುವುದನ್ನು ಅನುಚಿತವೆಂದು ಭಾವಿಸುತ್ತಾನೆ.

ಗುಂಪಿನ ಶಾಸ್ತ್ರದಲ್ಲಿ ಸಾಕ್ಷ್ಯದ ನಿಯಮಗಳು ವಿಲಕ್ಷಣವಾಗಿವೆ. ಗುಂಡುಗಳ ಸಂಖ್ಯೆ ಹೆಚ್ಚಿದಂತೆ ಗುಂಪು ಹಿಗ್ಗುತ್ತದೆಯೇ ಹೊರತು ಕುಗ್ಗಲಾರದು; 10 ಗುಂಡುಗಳ ಗುಂಪು ರೈಫಲಿನ ನಿಜಸ್ವಭಾವವನ್ನು ಬಯಲುಮಾಡಿದರೆ, 3 ಗುಂಡುಗಳ ಗುಂಪು ಅದರ ಅದೃಷ್ಟವನ್ನಷ್ಟೇ ಪ್ರಕಟಿಸುತ್ತದೆ. ಈ ಕಾರಣದಿಂದಲೇ ರೈಫಲ್ ಹುಚ್ಚರಲ್ಲಿ 3 ಗುಂಡುಗಳ ಗುಂಪು ಸರ್ವಮಾನ್ಯವಾಗಿದೆ. ಎರಡು ತೂತುಗಳು ಒಂದನ್ನೊಂದು ತಾಕಿಕೊಂಡಿದ್ದು ಮೂರನೆಯದು ಇಂಚೂವರೆ ಆಚೆಗೆ ಬಿದ್ದರೆ ಅದಕ್ಕೆ ‘ಫ್ಲೈಯರ್’ ಎಂದು ಹೆಸರಿಟ್ಟು, ಗಾಳಿ, ಕೆಟ್ಟ ತೋಟಾ, ಪಕ್ಕದ ಮೇಜಿನವನ ಕೆಮ್ಮು ಮೊದಲಾದುವನ್ನು ಹೊಣೆಮಾಡಿ, ಲೆಕ್ಕದಿಂದ ಹೊರಗಿಡಲಾಗುತ್ತದೆ. ಒಳಗೆ ಬಿದ್ದ ಎರಡಕ್ಕೆ ಮಾತ್ರ ಅದೃಷ್ಟ ಕಾರಣವಾಗಿರಬಹುದೆಂಬ ಸಂಶಯ ಯಾರಿಗೂ ಬರುವುದಿಲ್ಲ. ಆ ಬಳಿಕ ಹೊರಡುವ ಮಾತು ದೇಶದಾದ್ಯಂತ ಒಂದೇ: ತನ್ನ ಪಾಲಿನ ಕೆಲಸವನ್ನು ತಾನು ಸರಿಯಾಗಿ ಮಾಡಿದರೆ ಈ ರೈಫಲ್ ದಿನವಿಡೀ ಇಂಚಿನೊಳಗೇ ಹೊಡೆಯುತ್ತದೆ. ಈ ವಾಕ್ಯದ ಪೂರ್ವಾರ್ಧದಲ್ಲಿರುವ ‘ಮಾಡಿದರೆ’ ಎಂಬ ಷರತ್ತಿನ ಆಶ್ರಯದಲ್ಲಿ, ಜಗತ್ತಿನಲ್ಲಿ ಇದುವರೆಗೆ ತಯಾರಾದ ಯಾವ ರೈಫಲನ್ನಾದರೂ ಇಂಚಿನೊಳಗೆ ತರಬಹುದು.

ಕನ್ನಡ ಓದುಗರಿಗೆ ಈ ಮನೋಧರ್ಮ ಅಪರಿಚಿತವೆನಿಸುವುದಕ್ಕೆ ಕಾರಣವಿದೆ. ಪೂರ್ಣಚಂದ್ರ ತೇಜಸ್ವಿಯವರ ಕನ್ನಡದ ಮೂಲಕ ಮನೆಮಾತಾದ ಕೆನೆತ್ ಆಂಡರ್ಸನ್, .405 ವಿಂಚೆಸ್ಟರ್ ರೈಫಲೊಂದನ್ನು ಹಿಡಿದು ದಕ್ಷಿಣ ಭಾರತದ ಕಾಡುಗಳನ್ನು ಅಲೆದವನು. ಜಿಮ್ ಕಾರ್ಬೆಟ್ಟನಾದರೋ 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕೆ ಬಹುಮಾನವಾಗಿ ದೊರೆತ .275 ರಿಗ್ಬಿಯನ್ನು, ಅಂದರೆ ಮೌಸರ್ ಪದ್ಧತಿಯದೇ ಬೋಲ್ಟ್ ಆ್ಯಕ್ಷನ್ ರೈಫಲನ್ನು, ದೀರ್ಘಕಾಲ ಬಳಸಿದವನು. ಇಬ್ಬರ ಬರಹಗಳಲ್ಲಿಯೂ ಪುಟಗಟ್ಟಲೆ ಇರುವುದು ಕಾಡು ಮತ್ತು ಹುಲಿ. ಗುಂಪಿನ ಅಳತೆಗೆ ಅಲ್ಲಿ ಎಡೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಭಾರತದಲ್ಲಿ ಶಿಕಾರಿಯೇ ಕ್ರಮೇಣ ನಿಂತುಹೋದುದರಿಂದ ಇಲ್ಲಿ ಈ ವರ್ಗ ಬೆಳೆಯಲು ಅವಕಾಶವಾಗಲಿಲ್ಲ. ಕೋವಿಯನ್ನು ಇಂದಿಗೂ ಪೂಜಿಸುವ ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುವುದುಂಟಾದರೂ, ಕಾಯಿ ಒಡೆಯುತ್ತದೆ ಅಥವಾ ಒಡೆಯುವುದಿಲ್ಲ. ಒಡೆಯದ ಕಾಯಿಯ ಎದುರು ನಿಂತು ಫ್ಲೈಯರ್ ವಾದವನ್ನು ಮಂಡಿಸುವುದು ಕಷ್ಟ.

ಇಂಚಿನ ವ್ಯಾಮೋಹಕ್ಕೆ ಇತ್ತೀಚಿನ ದಶಕಗಳಲ್ಲಿ ಒದಗಿದ ದೊಡ್ಡ ವಿಪತ್ತೆಂದರೆ ಅಗ್ಗದ ರೈಫಲುಗಳು ನೆಟ್ಟಗೆ ಹೊಡೆಯತೊಡಗಿದುದು. ತೋಟಾ ಒಳಗೆ ಕೂತಾಗ ಅದರ ಬುಡಕ್ಕೂ ಬೋಲ್ಟಿನ ಮುಖಕ್ಕೂ ಇರಬೇಕಾದ ಹೊಂದಿಕೆಗೆ ‘ಹೆಡ್‌ಸ್ಪೇಸ್’ ಎನ್ನುತ್ತಾರೆ; ಇದನ್ನು ಕೂಡಿಸಲು ಒಂದು ಕಾಲಕ್ಕೆ ನುರಿತ ಕುಶಲಕರ್ಮಿ ಬೇಕಾಗಿತ್ತು. 1958ರ ಸ್ಯಾವೇಜ್ 110 ರೈಫಲಿನಲ್ಲಿ ನಳಿಗೆಯನ್ನು ನಟ್ಟೊಂದರಿಂದ ಬಿಗಿಯುವ ಉಪಾಯ ಬಂದು ಆ ಕೆಲಸ ಸುಲಭವಾಯಿತು. ಗಣಕಯಂತ್ರದ ನಿಯಂತ್ರಣದಲ್ಲಿ ಉಕ್ಕು ಕೊರೆಯುವ ವಿಧಾನಗಳು ಬಂದ ಮೇಲೆ, 2012ರ ಹೊತ್ತಿಗೆ ಅಂಗಡಿಗೆ ಬಂದ ರೂಗರ್ ಅಮೆರಿಕನ್‌ನಂಥ ಕಡಿಮೆ ಬೆಲೆಯ ರೈಫಲುಗಳು ಸಹ, ಆಕ್ರೋಟ ಮರದ ಹಿಡಿಯುಳ್ಳ ಪಿತ್ರಾರ್ಜಿತ ರೈಫಲುಗಳನ್ನು ಕಾಗದದ ಮೇಲೆ ನಾಚಿಸುವಂತಾದುವು. ಇಂಚನ್ನೇ ಪುರುಷಾರ್ಥವೆಂದು ಬೋಧಿಸುತ್ತ ಬಂದವನಿಗೆ, ನಿನ್ನೆ ಮೊನ್ನೆ ಕೊಂಡ ಪ್ಲಾಸ್ಟಿಕ್ ಹಿಡಿಯ ರೈಫಲಿನಿಂದ ಪಕ್ಕದ ಮೇಜಿನ ಹುಡುಗನು ಮುಕ್ಕಾಲು ಇಂಚಿನ ಗುಂಪು ಹೊಡೆದದ್ದನ್ನು ನೋಡಬೇಕಾಗಿ ಬಂದಾಗ, ಆತನು ಒಡನೆಯೇ ಇಂಚಿಗಿಂತ ಮೇಲಾದ ಮೌಲ್ಯಗಳು ಇರುವುದನ್ನು ಮನಗಾಣುತ್ತಾನೆ: ಬೋಲ್ಟ್ ಎಷ್ಟು ನುಣುಪಾಗಿ ಜಾರುತ್ತದೆ, ಹಿಡಿ ಕೆನ್ನೆಗೆ ಹೇಗೆ ಒಪ್ಪುತ್ತದೆ, ಉಕ್ಕಿನ ಮೇಲಣ ನೀಲಿ ಹೊಳಪು ಎಷ್ಟು ಆಳವಾಗಿದೆ, ಒಟ್ಟಿನಲ್ಲಿ ರೈಫಲಿಗೆ ‘ಆತ್ಮ’ ಇದೆಯೇ ಇಲ್ಲವೇ. ಆತ್ಮವನ್ನು ಅಳೆಯುವ ಪಟ್ಟಿ ಹುಡುಗನ ಬಳಿ ಇರುವುದಿಲ್ಲವಾದ್ದರಿಂದ ವಾದ ಅಲ್ಲಿಗೆ ನಿಲ್ಲುತ್ತದೆ.

ಹೊಸ ರೈಫಲ್ ಮನೆಗೆ ಬಂದಾಗ ನಡೆಯುವ ಸಂಸ್ಕಾರಗಳು ಪ್ರತ್ಯೇಕ ವಿವರಣೆಗೆ ಅರ್ಹವಾಗಿವೆ. ಗುಂಡು ಹಾರುವಾಗ ನಳಿಗೆ ಕಂಪಿಸುವುದರಿಂದ ಅದು ಹಿಡಿಯ ಮುಂಭಾಗಕ್ಕೆ ಎಲ್ಲಿಯೂ ತಾಕಬಾರದೆಂಬುದು ಒಂದು ನಿಯಮ. ಇದನ್ನು ಪರೀಕ್ಷಿಸಲು ಒಂದು ಡಾಲರಿನ ನೋಟನ್ನು ನಳಿಗೆಯ ಅಡಿಯಲ್ಲಿ ತೂರಿಸಿ, ತುದಿಯಿಂದ ಬುಡದವರೆಗೆ ಎಳೆದು ನೋಡುತ್ತಾರೆ. ಈ ವ್ಯಸನದ ಇಡೀ ಆಯವ್ಯಯದಲ್ಲಿ ಖರ್ಚಾಗದೆ ಜೇಬಿಗೆ ಮರಳುವ ಡಾಲರು ಇದೊಂದೇ. ಬಳಿಕ ತಿರುಪುಗಳನ್ನು ನಿಗದಿತ ಬಲಕ್ಕೆ ಬಿಗಿಯುವ ವಿಶೇಷ ಉಪಕರಣ, ಟ್ರಿಗರ್ ಎಳೆಯಲು ಬೇಕಾಗುವ ಭಾರವನ್ನು ತೂಗುವ ತಕ್ಕಡಿ, ಪೌಂಡಿನ 7000ದಲ್ಲಿ ಒಂದು ಭಾಗವಾದ ‘ಗ್ರೇನ್’ ಎಂಬ ಮಾನದ ಹತ್ತನೆಯ ಒಂದಂಶದವರೆಗೆ ಮದ್ದನ್ನು ತೂಗುವ ಮತ್ತೊಂದು ತಕ್ಕಡಿ ಒಂದೊಂದಾಗಿ ಬರುತ್ತವೆ. ಹೊಸ ನಳಿಗೆಯನ್ನು ‘ಪಳಗಿಸುವ’ ವಿಧಿಯೊಂದುಂಟು: ಒಂದು ಗುಂಡು ಹಾರಿಸುವುದು, ಗುಂಡಿನ ಹೊರಕವಚದಿಂದ ಒಳಮೈಗೆ ಅಂಟಿದ ತಾಮ್ರವನ್ನು ದ್ರಾವಣದಿಂದ ತೊಳೆಯುವುದು, ಒರೆಸಿದ ಬಟ್ಟೆ ನೀಲಿಯಾಗಿ ಬಂದರೆ ಇನ್ನೂ ತಾಮ್ರ ಉಳಿದಿದೆಯೆಂದು ಮತ್ತೆ ತೊಳೆಯುವುದು, ಮತ್ತೊಂದು ಗುಂಡು ಹಾರಿಸುವುದು. ಇದರಿಂದ ಪ್ರಯೋಜನವಿದೆಯೇ ಎಂಬ ವಿಷಯದಲ್ಲಿ ಬಲ್ಲವರಲ್ಲಿ ಒಮ್ಮತವಿಲ್ಲ. ಆದರೆ ವಿಧಿಗಳನ್ನು ಬಿಟ್ಟವರಿಗೆ ಮುಂದೆ ಒದಗುವ ಪ್ರತಿಯೊಂದು ಫ್ಲೈಯರಿಗೂ ಅದೇ ಕಾರಣವೆಂದು ಹೇಳಲು ನೆರೆಹೊರೆಯವರು ಸಿದ್ಧರಿರುವುದರಿಂದ ಬಿಡಲು ಯಾರಿಗೂ ಧೈರ್ಯ ಬರುವುದಿಲ್ಲ.

ಪಂಥಗಳ ವಿಚಾರಕ್ಕೆ ಬಂದರೆ, ಅತ್ಯಂತ ಮಡಿವಂತರಾದವರು ‘ಪ್ರೀ-64’ ಪಂಥದವರು. ವಿಂಚೆಸ್ಟರ್ ಕಂಪನಿಯು 1964ರಲ್ಲಿ ಖರ್ಚು ತಗ್ಗಿಸಲು ಮಾಡೆಲ್ 70ರ ರಚನೆಯನ್ನು ಬದಲಿಸಿದ ದಿನದಿಂದ ಕಲಿಯುಗ ಆರಂಭವಾಯಿತೆಂದು ಇವರ ನಂಬಿಕೆ. ತೋಟಾ ಪೆಟ್ಟಿಗೆಯಿಂದ ಮೇಲೇಳುತ್ತಲೇ ಅದರ ಬುಡವನ್ನು ಹಿಡಿದುಕೊಳ್ಳುವ ಮೌಸರ್ ಮಾದರಿಯ ಅಗಲವಾದ ಕೊಕ್ಕೆಯನ್ನು ಆಗ ಕೈಬಿಡಲಾಯಿತು. ಮುಂದೆ 1990ರ ದಶಕದಲ್ಲಿ ಕಂಪನಿಯೇ ಆ ಕೊಕ್ಕೆಯನ್ನು ಮರಳಿ ತಂದರೂ, ಧರ್ಮಭ್ರಷ್ಟನ ಪ್ರಾಯಶ್ಚಿತ್ತವನ್ನು ಇವರು ಪೂರ್ತಿಯಾಗಿ ಒಪ್ಪಿಕೊಂಡಿಲ್ಲ. ತೋಟಾಗಳ ವಿಷಯದ ಕಲಹ ಇನ್ನೂ ಬಿರುಸಾದುದು. 1925ರಲ್ಲಿ ಬಂದ .270 ವಿಂಚೆಸ್ಟರ್ ತೋಟಾವನ್ನು ಪತ್ರಿಕಾ ಲೇಖಕ ಜ್ಯಾಕ್ ಓ’ಕಾನರ್ ಜೀವಮಾನವಿಡೀ ಹೊಗಳಿದರೆ, ದಪ್ಪ ಗುಂಡಿನ ಪಕ್ಷಪಾತಿಯಾದ ಎಲ್ಮರ್ ಕೀತ್ ಅದನ್ನು ಅಷ್ಟೇ ನಿಷ್ಠೆಯಿಂದ ಹೀಗಳೆದನು. ಇಂದಿನ ಕದನ ನಡೆಯುತ್ತಿರುವುದು ಆ .270ರ ವೃದ್ಧಾನುಯಾಯಿಗಳಿಗೂ, 2007ರಲ್ಲಿ ಹುಟ್ಟಿದ 6.5 ಕ್ರೀಡ್‌ಮೂರ್ ತೋಟಾದ ತರುಣ ಭಕ್ತರಿಗೂ ನಡುವೆ. ಎರಡರ ಗುಂಡುಗಳ ವ್ಯಾಸದಲ್ಲಿರುವ ವ್ಯತ್ಯಾಸ 0.013 ಇಂಚು, ಅಂದರೆ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗ. ಈ ಅಂತರದಲ್ಲಿ ಮುರಿದುಬಿದ್ದ ಸ್ನೇಹಗಳು ಅನೇಕ.

ಇವರೆಲ್ಲರಿಗಿಂತ ದಯನೀಯನಾದವನು ಭಾರಹರಣ ಪಂಥದವನು. ಬೆಟ್ಟ ಹತ್ತಲು ಹಗುರವಾದ ರೈಫಲ್ ಬೇಕೆಂದು ಈತನು ಔನ್ಸಿಗಿಷ್ಟೆಂದು ಹೆಚ್ಚಿನ ಹಣ ತೆತ್ತು, ಇಂಗಾಲದ ಎಳೆಯ ಹಿಡಿಯಿರುವ 6 ಪೌಂಡಿನ ರೈಫಲ್ ಕೊಳ್ಳುತ್ತಾನೆ. ಒಂದೇ ತೋಟಾವನ್ನು ಹಾರಿಸುವಾಗ ರೈಫಲ್ ಹಗುರವಾದಷ್ಟೂ ಅದರ ಹಿಂದೊದೆತ ಹೆಚ್ಚುವುದು ಭೌತಶಾಸ್ತ್ರದ ನಿಯಮವಾದುದರಿಂದ, ಹೆಗಲು ಕಂದಿದ ಮೇಲೆ ನಳಿಗೆಯ ತುದಿಗೆ ‘ಮಝಲ್ ಬ್ರೇಕ್’ ಜೋಡಿಸುತ್ತಾನೆ. ಮದ್ದಿನ ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಒದೆತವನ್ನು ತಗ್ಗಿಸುವ ಈ ಸಾಧನವು, ತಗ್ಗಿಸಿದ ನೋವನ್ನು ಸದ್ದಿನ ರೂಪದಲ್ಲಿ ಅಕ್ಕಪಕ್ಕದವರ ಕಿವಿಗಳಿಗೆ ಹಂಚುತ್ತದೆ. ಆ ಮೇಲೆ ದೂರದ ಗುರಿಗೆಂದು ದೊಡ್ಡ ದುರ್ಬೀನು, ಅದನ್ನು ಕೂಡಿಸಲು ಉಕ್ಕಿನ ಬಳೆಗಳು, ಆನಿಕೆಗೆಂದು ಮಡಚುವ ಕಾಲುಗಳು ಸೇರಿ, ರೈಫಲ್ ಮೊದಲು ಮಾರಿದ ಹಳೆಯದಕ್ಕಿಂತ ಭಾರವಾದಾಗ ವೃತ್ತ ಪೂರ್ಣಗೊಳ್ಳುತ್ತದೆ. ಬೆಟ್ಟ ಹತ್ತುವ ಪ್ರಸಂಗ ಮಾತ್ರ ಇನ್ನೂ ಬಂದಿರುವುದಿಲ್ಲ.

ಕೊನೆಗೂ ಋತು ಬರುತ್ತದೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಬಂದೂಕಿನಿಂದ ಜಿಂಕೆ ಬೇಟೆಯಾಡುವ ಮುಖ್ಯ ಅವಧಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ 9 ದಿನ. ಒಬ್ಬರ ಗುಂಡಿಗೆ ಇನ್ನೊಬ್ಬರು ಸಿಕ್ಕದಿರಲೆಂದು ಬೇಟೆಗಾರರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಉಡುಪನ್ನು, 2016ರಿಂದೀಚೆಗೆ ಬೇಕಿದ್ದರೆ ಗುಲಾಬಿ ಬಣ್ಣದ್ದನ್ನು, ತೊಡಬೇಕೆಂಬುದು ಕಾನೂನು. ರೈಫಲ್ ಹುಚ್ಚನು 500 ಗಜದವರೆಗಿನ ಗುಂಡಿನ ಇಳಿತವನ್ನು ಬರೆದ ಕೋಷ್ಟಕವನ್ನು ಹಿಡಿಗೆ ಅಂಟಿಸಿಕೊಂಡು ಕಾಡಿನ ಮರೆಯಲ್ಲಿ ಕೂರುತ್ತಾನೆ. ಮರಗಳ ದಟ್ಟಣೆಯಿಂದಾಗಿ ಆತನಿಗೆ ಕಾಣುವ ದೂರ 60 ಗಜ. ಮರಳುಚೀಲದ ಮೇಲೆ ನಳಿಗೆಯನ್ನು ಮಲಗಿಸಿ, ಉಸಿರು ಹಿಡಿದು ಹೊಡೆಯುವ ಅಭ್ಯಾಸವಾದವನ ಮುಂದೆ, ಮರಳುಚೀಲವಿಲ್ಲದ ಕಾಡಿನಲ್ಲಿ, ನಿಲ್ಲಲು ಒಪ್ಪದ ಜಿಂಕೆಯೊಂದು ದಾಟಿಹೋಗುತ್ತದೆ. ಅದೇ ಹೊತ್ತಿಗೆ ಆಚೆಯ ಹೊಲದ ರೈತನು, 1894ರ ವಿನ್ಯಾಸದ, ಬೋಲ್ಟಿಗೆ ಹಿಡಿಯೇ ಇಲ್ಲದ, ಸನ್ನೆ ಎಳೆದು ಹೊಡೆಯುವ ವಿಂಚೆಸ್ಟರಿನಿಂದ ಒಂದೇ ಗುಂಡು ಹಾರಿಸಿ, ಜಿಂಕೆಯನ್ನು ಪಿಕಪ್ ಗಾಡಿಗೆ ಹಾಕಿಕೊಂಡು ಹಾಲು ಕರೆಯುವ ವೇಳೆಗೆ ಮನೆ ಸೇರುತ್ತಾನೆ. ಆ ರೈತನ ರೈಫಲಿನ ಗುಂಪು ಎಷ್ಟು ಇಂಚಿನದೆಂದು ವಿಚಾರಿಸಿದರೆ, ಆತನು ದನದ ಗುಂಪಿನ ಲೆಕ್ಕ ಹೇಳುವ ಸಂಭವವೇ ಹೆಚ್ಚು.

ಆದರೂ ರೈಫಲ್ ಹುಚ್ಚನ ಬದುಕು ನಿಷ್ಫಲವೆಂದು ತೀರ್ಮಾನಿಸುವುದು ಅವಸರವಾದೀತು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ರೈಫಲ್ ಮತ್ತು ತೋಟಾಗಳ ಮೇಲೆ ತಯಾರಕರಿಂದ ವಸೂಲಾಗುವ ಕೇಂದ್ರ ಸುಂಕ ಈಗ ಶೇ. 11ರಷ್ಟಿದ್ದು, ಅಂತಿಮವಾಗಿ ಗಿರಾಕಿಯ ಜೇಬಿನಿಂದಲೇ ಬರುವ ಆ ಹಣವು ವನ್ಯಜೀವಿಗಳ ಪುನಶ್ಚೇತನ ಕಾರ್ಯಕ್ಕೆಂದು ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. 20ನೆಯ ಶತಮಾನದ ಆರಂಭದಲ್ಲಿ ಅನೇಕ ರಾಜ್ಯಗಳಿಂದ ಬಹುತೇಕ ಕಣ್ಮರೆಯಾಗಿದ್ದ ಬಿಳಿಬಾಲದ ಜಿಂಕೆ ಇಂದು ಹಿತ್ತಲಿನ ಹೂಗಿಡಗಳನ್ನು ಮೇಯುವಷ್ಟು ಹೆಚ್ಚಿರುವುದರಲ್ಲಿ, ಬೇಟೆಯ ಕಟ್ಟುಪಾಡುಗಳ ಜೊತೆಗೆ ಈ ಹಣದ ಪಾಲೂ ಇದೆ. ಅಜ್ಜನ ವಿಂಚೆಸ್ಟರ್ ಹಿಡಿದ ರೈತನು 20 ತೋಟಾಗಳ ಒಂದು ಡಬ್ಬಿಯಲ್ಲಿ ಹತ್ತು ವರ್ಷ ಕಳೆಯುವುದರಿಂದ ಆತನಿಂದ ಜಿಂಕೆಗಳಿಗೆ ಸಲ್ಲುವ ಸುಂಕ ಅತ್ಯಲ್ಪ, ಆಗುವ ನಷ್ಟ ವರ್ಷಕ್ಕೊಂದು ಜೀವ. ರೈಫಲ್ ಹುಚ್ಚನಾದರೋ ಡಬ್ಬಿಗಟ್ಟಲೆ ತೋಟಾಗಳನ್ನು ಕಾಗದಕ್ಕೆ ಅರ್ಪಿಸಿ, 9 ದಿನ ಬರಿಗೈಯಲ್ಲಿ ಕೂತು ಬಂದು, ದೋಷವೆಲ್ಲ ತೋಟಾದ್ದೆಂದು ನಿರ್ಣಯಿಸಿ, ಹೊಸ ತೋಟಾಕ್ಕೆ ಹೊಂದುವ ಹೊಸ ರೈಫಲಿಗೆ ಅದೇ ವಾರ ಮುಂಗಡ ಕೊಡುತ್ತಾನೆ. ಒಂದು ಇಂಚನ್ನು ಮುಕ್ಕಾಲು ಇಂಚಿಗೆ ಇಳಿಸುವ ಹಂಬಲ ಆತನಲ್ಲಿ ಉಳಿದಿರುವವರೆಗೆ ಜಿಂಕೆಗಳ ಮೇವಿಗೆ ಕೊರತೆಯಿಲ್ಲ. ಆ ಹಂಬಲ ಕಡಿಮೆಯಾಗದಂತೆ ನೋಡಿಕೊಳ್ಳಲು ರೈಫಲ್ ಕಂಪನಿಗಳು ಪ್ರತಿವರ್ಷವೂ ಹೊಸದೊಂದು ತೋಟಾವನ್ನು ಕಂಡುಹಿಡಿಯುತ್ತಲೇ ಇರುತ್ತವೆ.